ಟ್ರಿಗರ್ ತೂಗುವ ತೂಕದಕ್ಕ

ಇಪ್ಪತ್ತಮೂರನೆಯ ಪಿಸ್ತೂಲಿಗೆ ಬಂದಿದ್ದಾರೆ. ನಳಿಗೆ ಮೇಲಕ್ಕಿರುವಂತೆ ಅದನ್ನು ಮೇಜಿನ ಇಕ್ಕಳಕ್ಕೆ ಬಿಗಿದು, ಟ್ರಿಗರಿಗೆ ತಂತಿಯ ಕೊಕ್ಕೆ ಸಿಕ್ಕಿಸಿ, ಕೊಕ್ಕೆಯ ಕೆಳಗೆ ಹಿತ್ತಾಳೆಯ ತೂಕದ ಬಿಲ್ಲೆಗಳನ್ನು ಒಂದೊಂದಾಗಿ ಏರಿಸುತ್ತಿದ್ದಾರೆ. ಐದು ಕಿಲೋ ಆಯಿತು, ಅಲುಗಲಿಲ್ಲ. ಮತ್ತೊಂದು ಕಾಲು ಕಿಲೋ. ಟ್ರಿಗರ್ ಮನಸ್ಸಿಲ್ಲದ ಮನಸ್ಸಿನಿಂದ ಹಿಂದಕ್ಕೆ ಸರಿದು ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಇನ್ನೊಂದು ಕಾಲು. ಟಕ್. ಐದೂವರೆ. ಪೆನ್ಸಿಲ್ಲನ್ನು ಕಿವಿಯ ಹಿಂದಿನಿಂದ ತೆಗೆದು ಬರೆದುಕೊಳ್ಳುತ್ತಾರೆ, ಬಿಲ್ಲೆಗಳನ್ನು ಇಳಿಸುತ್ತಾರೆ, ಇಪ್ಪತ್ತನಾಲ್ಕನೆಯದಕ್ಕೆ ಕೈಚಾಚುತ್ತಾರೆ.

ಬೆಳಗಿನ ಐದು ಗಂಟೆ. ಕಿಟಕಿಯ ಸರಳುಗಳ ಆಚೆ ಮೈದಾನ ಇನ್ನೂ ಬೂದು ಬಣ್ಣದಲ್ಲಿದೆ. ಪೊಲೀಸ್ ತರಬೇತಿ ಶಾಲೆಯ ಈ ಶಸ್ತ್ರಾಗಾರಕ್ಕೆ ಒಂದೇ ಬಾಗಿಲು, ಒಂದೇ ಕಿಟಕಿ, ಎರಡು ಬೀಗ. ಎಣ್ಣೆಯ ವಾಸನೆ ಗೋಡೆಗೇ ಹತ್ತಿಬಿಟ್ಟಿದೆ. ಆರು ಗಂಟೆಗೆ ಅಭ್ಯರ್ಥಿಗಳು ಕಿಟಕಿಯ ಮುಂದೆ ಸಾಲು ನಿಲ್ಲುತ್ತಾರೆ. ಅಷ್ಟರೊಳಗೆ ನಲವತ್ತು ಪಿಸ್ತೂಲುಗಳನ್ನು ಬರಿದು ಮಾಡಿ, ಕಿರುಬೆರಳಿನಿಂದ ಒಳಗೆ ಗುಂಡಿಲ್ಲವೆಂದು ಮುಟ್ಟಿ ನೋಡಿ, ಟ್ರಿಗರ್ ತೂಗಿ, ಒರೆಸಿ ಇಡಬೇಕು. ಈ ಕೆಲಸ ಮಾಡುವವರು ಇಲ್ಲಿ ಒಬ್ಬರೇ. ಹೆಸರು ಹಾಜರಿ ಪುಸ್ತಕದಲ್ಲಿದೆ, ಕರೆಯುವವರಿಲ್ಲ. ಮೇಲಧಿಕಾರಿಯಿಂದ ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ‘ತೂಕದಕ್ಕ’.

ಐವತ್ತೇಳು ವಯಸ್ಸು. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಬಲಗೈಯ ತೋರುಬೆರಳು ಬೆಳಿಗ್ಗೆ ಎದ್ದಾಗ ಮಡಚಿಕೊಂಡೇ ಇರುತ್ತದೆ, ಎಡಗೈಯಿಂದ ಬಿಡಿಸಬೇಕು. ಬಿಡಿಸುವಾಗ ಅದೂ ಟಕ್ ಎನ್ನುತ್ತದೆ. “ಇಷ್ಟು ವರ್ಷ ಅದರ ಜೊತೆ ಇದ್ದು ಇದೂ ಟ್ರಿಗರ್ ಆಗೋಗಿದೆ ನೋಡಿ,” ಎಂದು ನಗುತ್ತಾರೆ. ನಗು ಮುಖದ ತುಂಬ ಹರಡುವ ಮೊದಲೇ ಸುಸ್ತು ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಇಲ್ಲಿಗೆ ಬರುವ ಮೊದಲು ಅವರ ಅರ್ಧ ದಿನ ಮುಗಿದಿರುತ್ತದೆ. ಎಂಬತ್ತನಾಲ್ಕರ ಅತ್ತೆಯನ್ನು ಎಬ್ಬಿಸಿ, ಮೈ ಒರೆಸಿ, ಸೀರೆ ಬದಲಿಸಿ, ಮಾತ್ರೆ ಕೊಟ್ಟು, ಬಿಸಿನೀರಿನ ಫ್ಲಾಸ್ಕನ್ನು ಕೈಗೆಟಕುವಂತೆ ಇಟ್ಟು ಬರುತ್ತಾರೆ. ಗಂಡ ತೀರಿಕೊಂಡು ಒಂಬತ್ತು ವರ್ಷ, ಮಗಳಿರುವುದು ಬೇರೆ ಊರಲ್ಲಿ. ಎರಡು ಕೋಣೆಯ ಮನೆಯಲ್ಲಿ ಈಗ ಅತ್ತೆ ಸೊಸೆ ಇಬ್ಬರೇ. ದಿನಾ ಹೊರಡುವಾಗ ಅತ್ತೆಯದು ಒಂದೇ ಪ್ರಶ್ನೆ: “ನಿನ್ನ ಪಿಸ್ತೂಲಿನ ಅತ್ತೆ ಹೇಗಿದಾಳೆ?”

“ನಿಮಗಿಂತ ಪರವಾಗಿಲ್ಲ. ಅವಳಿಗೆ ಎಣ್ಣೆ ಹಾಕಿದ್ರೆ ಸುಮ್ಮನಿರ್ತಾಳೆ,” ಎನ್ನುತ್ತಾರೆ ಸೊಸೆ.

ಈ ಪಿಸ್ತೂಲಿನ ಅತ್ತೆಯ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಬರಹದಲ್ಲಿರುವ ಎಲ್ಲ ಕಷ್ಟಕ್ಕೂ ಅವಳೇ ಮೂಲ. ಶಾಲೆಯಲ್ಲಿ ಮೂರು ಕಾಲದಲ್ಲಿ ಕೊಂಡ ಮೂರು ಬಗೆಯ ಪಿಸ್ತೂಲುಗಳಿವೆ. ಒಂದು ಸಲ ತುಂಬಿದರೆ ಪ್ರತಿ ಹೊಡೆತಕ್ಕೂ ಮುಂದಿನ ಗುಂಡು ತಾನಾಗಿ ಬಂದು ಕೂರುವುದು ಮೂರಕ್ಕೂ ಸಮಾನ. ವ್ಯತ್ಯಾಸ ಇರುವುದು ಬೆರಳು ಎಳೆಯುವ ಆ ಒಂದು ಚೂರಿನಲ್ಲಿ. ಅಭ್ಯರ್ಥಿಗಳು ಮೂರಕ್ಕೂ ಅಡ್ಡಹೆಸರು ಇಟ್ಟಿದ್ದಾರೆ.

ಹಳೆಯದು ‘ಸಿಡುಕ’. ಅದರ ಬೆನ್ನಿಗೆ ಪುಟ್ಟ ಸುತ್ತಿಗೆಯಂಥ ಹ್ಯಾಮರ್ ಇದೆ. ಅದನ್ನು ಮೊದಲೇ ಹಿಂದಕ್ಕೆ ಎತ್ತಿಟ್ಟುಕೊಂಡಿರಬೇಕು. ಟ್ರಿಗರ್ ಮಾಡುವುದು ಅದನ್ನು ಬಿಡುವ ಕೆಲಸ ಮಾತ್ರ. ಎರಡು ಕಿಲೋ ಎಳೆತ ಸಾಕು. ಗುರಿ ಚೆನ್ನಾಗಿ ಕೂರುತ್ತದೆ, ಆದರೆ ಪಕ್ಕದ ಸುರಕ್ಷಾ ಕೀಲಿಯನ್ನು ಮರೆತವರಿಗೆ ಇದು ಕ್ಷಮೆ ಕೊಡುವುದಿಲ್ಲ. ಆಮೇಲೆ ಬಂದದ್ದು ‘ಅತ್ತೆ’. ಇದರ ಮೊದಲ ಗುಂಡಿಗೆ ಟ್ರಿಗರೇ ಹ್ಯಾಮರನ್ನು ಹಿಂದಕ್ಕೆ ಎತ್ತಬೇಕು, ಎತ್ತಿ ಬಿಡಬೇಕು, ಎರಡೂ ಕೆಲಸ. ಹಾಗಾಗಿ ಎಳೆತ ಉದ್ದ, ತೂಕ ಐದೂವರೆ ಕಿಲೋ. ಒಂದು ಗುಂಡು ಹಾರಿದ ಮೇಲೆ ಹ್ಯಾಮರ್ ತಾನಾಗಿಯೇ ಹಿಂದಕ್ಕೆ ಹೋಗಿ ಕೂರುತ್ತದೆ. ಎರಡನೆಯದರಿಂದ ಎರಡೇ ಕಿಲೋ. ಮೊದಲು ಮುಖ ಗಂಟಿಕ್ಕಿ, ಆಮೇಲೆ ಮೆತ್ತಗಾಗುವವಳು. ಹೊಸದು ‘ಗುಮಾಸ್ತ’. ಹೊರಗೆ ಹ್ಯಾಮರೇ ಇಲ್ಲ. ಒಳಗೊಂದು ಸ್ಪ್ರಿಂಗಿನ ಕಡ್ಡಿ ಅರ್ಧ ಎಳೆದುಕೊಂಡೇ ಕಾದಿರುತ್ತದೆ. ಮೊದಲನೆಯದಿರಲಿ ಹತ್ತನೆಯದಿರಲಿ, ಎರಡೂಮುಕ್ಕಾಲು ಕಿಲೋ. ಬದಲಾವಣೆ ಇಲ್ಲ, ಮುಖಭಾವವೂ ಇಲ್ಲ.

ಹಾಗಾದರೆ ಯಾವುದು ಒಳ್ಳೆಯದು? ಈ ಪ್ರಶ್ನೆಗೆ ತೂಕದಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಕೆಳಗಿಡುತ್ತಾರೆ. “ಯಾರ ಕೈಗೆ ಅಂತ ಮೊದಲು ಹೇಳಿ. ಅತ್ತೆಗೆ ನಾನು ಕೆಟ್ಟ ಹೆಸರು ಕೊಡಲ್ಲ. ಆ ಐದೂವರೆ ಕಿಲೋ ಸುಮ್ಮನೆ ಇಟ್ಟಿದ್ದಲ್ಲ. ಯಾರಾದರೂ ಬೆಚ್ಚಿಬಿದ್ದು ಬೆರಳು ತಾಗಿಸಿದ್ರೂ ಗುಂಡು ಹಾರಲ್ಲ. ಅಷ್ಟು ಭಾರ ಎಳೀಬೇಕಾದ್ರೆ ಮನಸ್ಸು ಗಟ್ಟಿ ಮಾಡ್ಕೊಂಡೇ ಎಳೀಬೇಕು. ಗುಮಾಸ್ತ ಹಾಗಲ್ಲ, ಯಾರು ಎಳೆದ್ರೂ ಸೈ, ಅದಕ್ಕೇ ಬೆರಳು ಹೊರಗಿರಬೇಕು. ಒಂದೊಂದಕ್ಕೆ ಒಂದೊಂದು ಗುಣ. ಆದ್ರೆ ಅಳತೆ ಅಂತ ಒಂದಿದೆಯಲ್ಲ?”

ಈ ಅಳತೆಯ ಮಾತು ಹನ್ನೊಂದು ತಿಂಗಳಿಂದ ಅವರನ್ನು ಬಿಟ್ಟಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಮೊಳೆಯಿಂದ ಗೀರಿದ ಸಣ್ಣ ಗೆರೆಗಳಿವೆ. ಪಿಸ್ತೂಲು ಪಡೆಯಲು ಬರುವ ಪ್ರತಿಯೊಬ್ಬರೂ ಬಲಗೈಯನ್ನು ಆ ಗೆರೆಗಳ ಮೇಲೆ ಚಾಚಿ ಇಡಬೇಕು. ಹೆಬ್ಬೆರಳಿನ ಸಂದಿನಿಂದ ತೋರುಬೆರಳಿನ ತುದಿಯ ಗಿಣ್ಣಿನವರೆಗೆ ಎಷ್ಟು ಎಂದು ತೂಕದಕ್ಕ ಬರೆದುಕೊಳ್ಳುತ್ತಾರೆ. ಇದು ಇಲಾಖೆಯ ನಿಯಮವೆಂದೇ ಹುಡುಗರು ನಂಬಿದ್ದಾರೆ. ಯಾವ ಇಲಾಖೆಯೂ ಇಂಥ ನಿಯಮ ಮಾಡಿಲ್ಲ.

ಆರು ಗಂಟೆಗೆ ಸಾಲು ಬಂತು. “ಅಕ್ಕ, ನನ್ನ ಮದುವೆ ಯಾವಾಗ ನೋಡಿ ಹೇಳಿ,” ಎಂದು ಒಬ್ಬ ಕೈ ಚಾಚುತ್ತಾನೆ.

“ಉಗುರು ಕತ್ತರಿಸಿದ ಮೇಲೆ. ಮುಂದೆ ನಡಿ.”

“ಅಕ್ಕ, ಇವತ್ತೊಂದಿನ ಅತ್ತೆ ಬೇಡ, ಗುಮಾಸ್ತನ್ನ ಕೊಡಿ.”

“ಪರೀಕ್ಷೆಗೆ ಬರೋಳು ಅತ್ತೆನೇ. ಇವತ್ತೇ ನಮಸ್ಕಾರ ಮಾಡ್ಕೊಂಡಿರು.”

ಪರೀಕ್ಷೆಯ ಕ್ರಮ ಹೀಗಿದೆ: ಅತ್ತೆಯಿಂದಲೇ ಹೊಡೆಯಬೇಕು, ಹತ್ತು ಗುಂಡು. ಮೊದಲನೆಯದು ವೃತ್ತದ ಒಳಗೆ ಬೀಳಲೇಬೇಕು. ಉಳಿದ ಒಂಬತ್ತೂ ನಟ್ಟನಡುವೆ ಬಿದ್ದು ಮೊದಲನೆಯದು ಆಚೆ ಹೋದರೆ ನಪಾಸು. ನಿಜವಾದ ಅಪಾಯದಲ್ಲಿ ಎರಡನೆಯ ಅವಕಾಶ ಸಿಗುವುದಿಲ್ಲ ಎನ್ನುವುದು ಇದರ ಹಿಂದಿನ ತರ್ಕ, ತಪ್ಪು ತರ್ಕವಲ್ಲ. ಮೊದಲ ಗುಂಡು ತಪ್ಪಿದವರ ಹಾಳೆಯ ಮೇಲೆ ಬೀಳುವ ಷರಾ ಮಾತ್ರ ವರ್ಷಗಳಿಂದ ಬಹುಪಾಲು ಒಂದೇ: ‘ಹೆದರಿಕೆ. ಧೈರ್ಯ ಸಾಲದು.’

ತೂಕದಕ್ಕನ ನೋಟುಪುಸ್ತಕ ಬೇರೆ ಹೇಳುತ್ತದೆ. ಹನ್ನೊಂದು ತಿಂಗಳಲ್ಲಿ ನೂರ ಹದಿನೆಂಟು ಕೈಗಳು. ಅಭ್ಯಾಸದ ದಿನಗಳಲ್ಲಿ ಒಬ್ಬೊಬ್ಬರಿಗೂ ಒಮ್ಮೆ ಅತ್ತೆ, ಒಮ್ಮೆ ಗುಮಾಸ್ತ ಕೊಟ್ಟು, ಸಂಜೆ ಗುರಿಹಲಗೆಯ ಕಾಗದಗಳನ್ನು ಕಸದ ಬುಟ್ಟಿಯಿಂದ ಎತ್ತಿ ತಂದು ಲೆಕ್ಕ ಹಾಕಿದ್ದಾರೆ. ಕೈ ಚಿಕ್ಕದಿರುವವರು ಮೂವತ್ತನಾಲ್ಕು ಮಂದಿ. ಅತ್ತೆಯ ಮೊದಲ ಗುಂಡು ತಪ್ಪಿದವರು ಅವರಲ್ಲಿ ಇಪ್ಪತ್ತೇಳು. ಅದೇ ಮೂವತ್ತನಾಲ್ಕು ಮಂದಿಗೆ ಗುಮಾಸ್ತ ಕೊಟ್ಟಾಗ ತಪ್ಪಿದವರು ಆರು. ಕೈ ದೊಡ್ಡದಿರುವ ಎಂಬತ್ತನಾಲ್ಕು ಮಂದಿಯಲ್ಲಿ ತಪ್ಪಿದವರು ಅತ್ತೆಗೆ ಹತ್ತೊಂಬತ್ತು, ಗುಮಾಸ್ತನಿಗೆ ಹದಿನೇಳು. ಹೆಚ್ಚುಕಡಿಮೆ ಒಂದೇ.

“ಚಿಕ್ಕ ಕೈಗೆ ಆ ಟ್ರಿಗರ್ ದೂರ,” ಎಂದು ತಮ್ಮದೇ ಕೈಯಲ್ಲಿ ಖಾಲಿ ಪಿಸ್ತೂಲು ಹಿಡಿದು ತೋರಿಸುತ್ತಾರೆ. “ಬೆರಳ ತುದಿ ಮಾತ್ರ ಮುಟ್ಟುತ್ತೆ. ತುದಿಯಲ್ಲಿ ಐದೂವರೆ ಕಿಲೋ ಎಳೆಯೋಕೆ ಆಗಲ್ಲ. ಆವಾಗ ಇಡೀ ಕೈ ತಿರುಗಿಸಿ ಎಳೀತಾರೆ. ನಳಿಗೆ ಕೆಳಗೆ ವಾಲುತ್ತೆ. ನೋಡೋರಿಗೆ ಕೈ ನಡುಗಿದ ಹಾಗೇ ಕಾಣುತ್ತೆ. ಎರಡನೇ ಗುಂಡಿಗೆ ಟ್ರಿಗರ್ ಹತ್ತಿರ ಬಂದಿರುತ್ತೆ, ಹಗುರಾನೂ ಆಗಿರುತ್ತೆ. ಕೈ ಸುಮ್ಮನಾಗುತ್ತೆ. ಆಗ ಅಂತಾರೆ, ನೋಡು, ಈಗ ಧೈರ್ಯ ಬಂತು ಅಂತ.”

ಆ ಮೂವತ್ತನಾಲ್ಕರಲ್ಲಿ ಇಪ್ಪತ್ತೊಂಬತ್ತು ಹೆಂಗಸರು, ಐವರು ಗಂಡಸರು. “ಆ ಐದು ಜನದಲ್ಲಿ ತಪ್ಪಿದೋರಿಗೆ ಯಾರೂ ಪುಕ್ಕಲ ಅನ್ನಲಿಲ್ಲ,” ಎನ್ನುತ್ತಾರೆ ಬಿಲ್ಲೆಗಳನ್ನು ಡಬ್ಬಿಗೆ ತುಂಬುತ್ತ. “ನಿದ್ದೆಗೆಟ್ಟಿರಬೇಕು, ಇನ್ನೊಂದ್ಸಲ ನೋಡೋಣ ಅಂದ್ರು.”

ನೋಟುಪುಸ್ತಕದ ಕೊನೆಯಲ್ಲಿ ನೂರ ಹತ್ತೊಂಬತ್ತನೆಯ ಸಾಲು ಇದೆ. ಹೆಸರಿಲ್ಲ, ಕೈಯ ಅಳತೆ ಮಾತ್ರ. ಇದು ಯಾರದು? “ಹಳೇ ವಿದ್ಯಾರ್ಥಿ ಒಬ್ಬಳದು,” ಎಂದು ಪುಸ್ತಕ ಮುಚ್ಚುತ್ತಾರೆ. ಆಮೇಲೆ ತಾವಾಗಿಯೇ ಮಾತಿಗೆ ಬರುತ್ತಾರೆ. ಮೂವತ್ತೊಂದು ವರ್ಷದ ಹಿಂದೆ ಅವರೂ ಇದೇ ಸಾಲಿನಲ್ಲಿ ನಿಂತಿದ್ದರು. ಓಟದಲ್ಲಿ ಮೊದಲಿಗರು, ಕಾನೂನಿನ ಪತ್ರಿಕೆಯಲ್ಲಿ ಎರಡನೆಯವರು. ಆಗಲೂ ಪರೀಕ್ಷೆಗೆ ಇದ್ದವಳು ಅತ್ತೆಯೇ. ಮೂರು ಸಲವೂ ಮೊದಲ ಗುಂಡು ಮಣ್ಣಿನ ದಿಬ್ಬಕ್ಕೆ ಹೋಯಿತು. ಆಗಿನ ಮೇಲಧಿಕಾರಿ ಕರುಣೆಯಿಂದ, ಮನೆಗೆ ಕಳಿಸುವ ಬದಲು, ಪಿಸ್ತೂಲಿಗೆ ಎಣ್ಣೆ ಹಾಕುವ ಕೆಲಸ ಕೊಟ್ಟರು.

“ನಾನು ಪುಕ್ಕಲಿ ಅಂತಲೇ ನಂಬಿದ್ದೆ. ಮದುವೆಯಾದ ಹೊಸದರಲ್ಲಿ ಯಜಮಾನರಿಗೂ ಹಾಗೇ ಹೇಳಿದ್ದೆ. ರಾತ್ರಿ ಕರೆಂಟ್ ಹೋದ್ರೆ ನೀವೇ ಎದ್ದು ನೋಡಿ, ನನಗೆ ಧೈರ್ಯ ಇಲ್ಲ ಅಂತ. ಮಗಳು ಸೈಕಲ್ ಕಲಿಯುವಾಗ ಹಿಂದೆ ಓಡಲಿಲ್ಲ ನಾನು. ಧೈರ್ಯ ಇಲ್ಲದೋಳು ಹಿಡ್ಕೊಂಡ್ರೆ ಮಗು ಬೀಳುತ್ತೆ ಅಂತ ಪಕ್ಕದ ಮನೆಯವರನ್ನ ಕರೆದೆ.” ನೋಟುಪುಸ್ತಕವನ್ನು ಪಕ್ಕಕ್ಕೆ ಸರಿಸುತ್ತಾರೆ. “ಮೊನ್ನೆ ಸಂಜೆ ಎಲ್ಲರೂ ಹೋದ ಮೇಲೆ ನನ್ನ ಕೈಯನ್ನೂ ಗೆರೆ ಮೇಲೆ ಇಟ್ಟು ನೋಡಿದೆ. ಅಷ್ಟೇ.”

ಹತ್ತು ಗಂಟೆಗೆ ಗುರಿಮೇಷ್ಟ್ರು ಬರುತ್ತಾರೆ. ಗುಂಡು ಹೊಡೆಯುವುದನ್ನು ಕಲಿಸುವವರು ಇವರೇ. ಇಪ್ಪತ್ತೆರಡು ವರ್ಷದ ಸ್ನೇಹ. ಎರಡು ಲೋಟ ಚಹಾ ತರುವುದು ಇವರ ಪದ್ಧತಿ. ಗಂಡ ಆಸ್ಪತ್ರೆಯಲ್ಲಿದ್ದ ಹತ್ತೊಂಬತ್ತು ದಿನ ತೂಕದಕ್ಕನ ಪಾಲಿನ ಪಿಸ್ತೂಲುಗಳನ್ನು ಒರೆಸಿದವರೂ ಇವರೇ. ಇಂದು ಚಹಾದ ಜೊತೆ ಒಂದು ನಮೂನೆ ಇದೆ.

ಹಾಸ್ಟೆಲಿನಲ್ಲಿ ಎಲ್ಲರೂ ‘ಗುಬ್ಬಿ’ ಎಂದು ಕರೆಯುವ ಇಪ್ಪತ್ತೆರಡರ ಹುಡುಗಿ ನಿನ್ನೆ ಮೂರನೆಯ ಸಲವೂ ಮೊದಲ ಗುಂಡಿನಲ್ಲಿ ತಪ್ಪಿದ್ದಾಳೆ. ಮೂರು ಸಲವಾದರೆ ಶಾಲೆಯಿಂದ ಹೊರಗೆ. ಕಳಿಸುವ ಮುನ್ನ ಶಸ್ತ್ರಾಗಾರದಿಂದ ಒಂದು ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಚೌಕಗಳಿವೆ: ‘ಆಯುಧದ ದೋಷ’, ‘ವ್ಯಕ್ತಿಯ ದೋಷ’. ಒಂದಕ್ಕೆ ಗುರುತು ಹಾಕಿ ಸಹಿ ಮಾಡಬೇಕು. ಗುಬ್ಬಿಯ ಕೈಯಲ್ಲಿದ್ದ ಪಿಸ್ತೂಲನ್ನು ತೂಗಿದರೆ ಐದೂವರೆ ಕಿಲೋ. ಆರರವರೆಗೆ ಇರಬಹುದು ಎಂದಿದೆ ಕೈಪಿಡಿ. ಆಯುಧದಲ್ಲಿ ದೋಷವಿಲ್ಲ. ಉಳಿದದ್ದು ಎರಡನೆಯ ಚೌಕ. ಅದಕ್ಕೆ ಗುರುತು ಬಿದ್ದರೆ ಶನಿವಾರದ ಬಸ್ಸಿಗೆ ಗುಬ್ಬಿ ತನ್ನೂರಿಗೆ, ಬಿಟ್ಟು ಬಂದಿದ್ದ ಬಟ್ಟೆಯಂಗಡಿಯ ಕೌಂಟರಿನ ಹಿಂದಕ್ಕೆ.

“ಸಂಜೆಯೊಳಗೆ ಬೇಕಂತೆ ಅಕ್ಕ.”

“ಮೇಷ್ಟ್ರೇ, ಅವಳ ಕೈ ನೋಡಿದೀರಾ?”

“ಕೈ ನೋಡೋರು ನೀವು. ನಾನು ಕಣ್ಣು ನೋಡ್ತೀನಿ. ಹೆದರಿಕೆ ಕಣ್ಣಲ್ಲಿ ಗೊತ್ತಾಗುತ್ತೆ.”

“ಮೂರನೇ ಸಲ ತಪ್ಪಿದ್ರೆ ಮನೆಗೆ ಅಂತ ಗೊತ್ತಿದ್ರೆ ಯಾರ ಕಣ್ಣಲ್ಲಿ ಹೆದರಿಕೆ ಇರಲ್ಲ?”

ಮೇಷ್ಟ್ರು ನಗುತ್ತಾರೆ. ತೂಕದಕ್ಕ ನೋಟುಪುಸ್ತಕವನ್ನು ಅವರ ಕಡೆಗೆ ತಳ್ಳುತ್ತಾರೆ. ಮೇಷ್ಟ್ರು ಕನ್ನಡಕ ಏರಿಸಿ ಓದುತ್ತಾರೆ. ಒಂದು ಪುಟ ತಿರುವಿ ಮತ್ತೆ ಹಿಂದಿನ ಪುಟಕ್ಕೆ ಬರುತ್ತಾರೆ. ಅವರ ಚಹಾ ಕೆನೆಗಟ್ಟುತ್ತದೆ.

“ಇದು ನಿಜ ಆದ್ರೆ,” ಎಂದು ಕನ್ನಡಕ ಇಳಿಸಿ ಅನ್ನುತ್ತಾರೆ, “ನಾನು ಇಷ್ಟು ವರ್ಷ ವಾಪಸ್ ಕಳಿಸಿದ ಮಕ್ಕಳು?”

ತೂಕದಕ್ಕ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ.

“ಅಕ್ಕ, ನಾಲ್ಕು ತಿಂಗಳಿದೆ ನಿಮಗೆ. ನನಗೆ ಮೂರು ವರ್ಷ. ಮೇಲಿನೋರು ಕೇಳೋದು ನಿಮ್ಮನ್ನಲ್ಲ, ನನ್ನನ್ನ. ನಿಮ್ಮ ಲೆಕ್ಕ ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ಈ ಕಾಗದದಲ್ಲಿ ಇರೋದು ಎರಡೇ ಚೌಕ.” ಹೊರಡುವಾಗ ಖಾಲಿ ಲೋಟದ ಜೊತೆ ತುಂಬಿದ ಲೋಟವನ್ನೂ ಎತ್ತಿಕೊಂಡು ಹೋಗುತ್ತಾರೆ.

ಮಧ್ಯಾಹ್ನವಿಡೀ ಆ ನಮೂನೆ ಎಣ್ಣೆ ಡಬ್ಬಿಯ ಕೆಳಗೆ ಕೂತಿರುತ್ತದೆ. ತೂಕದಕ್ಕ ಸ್ಪ್ರಿಂಗುಗಳನ್ನು ಬಿಚ್ಚುತ್ತಾರೆ, ಒರೆಸುತ್ತಾರೆ, ಜೋಡಿಸುತ್ತಾರೆ. ಒಮ್ಮೆ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತಾರೆ. “ಸತ್ಯ ಹೇಳ್ಲಾ? ಮೇಷ್ಟ್ರು ಒಳ್ಳೆಯವರು. ಕೆಟ್ಟವರಾಗಿದ್ರೆ ಬೆಳಿಗ್ಗೆನೇ ಬರೆದು ಬಿಸಾಡ್ತಿದ್ದೆ. ಸಾಕಾಗಿದೆ ನನಗೆ. ಒಂದು ಸಹಿ ಹಾಕಿ ಮನೆಗೆ ಹೋಗಿ, ಕಾಲು ಚಾಚಿ ಕೂತ್ಕೋಬೇಕು ಅಷ್ಟೇ ಅನ್ಸುತ್ತೆ.” ಮನೆಯಲ್ಲಿ ಕಾಲು ಚಾಚಲು ಎಲ್ಲಿ ಬಿಡುವಿದೆ ಎಂದು ಕೇಳಿದರೆ, “ಅದೂ ನಿಜವೇ,” ಎನ್ನುತ್ತಾರೆ.

ಮೂರೂವರೆಗೆ ಗುಬ್ಬಿ ಅಭ್ಯಾಸದ ಪಿಸ್ತೂಲು ಹಿಂದಿರುಗಿಸಲು ಬರುತ್ತಾಳೆ. ಕಿಟಕಿಯ ಕಟ್ಟೆ ಅವಳ ಎದೆಯವರೆಗೆ ಬರುತ್ತದೆ. ನಂಬರು ಓದಿ, ಸಹಿ ಮಾಡಿ, ಹೋಗದೆ ಅಲ್ಲೇ ನಿಲ್ಲುತ್ತಾಳೆ.

“ಏನೇ?”

“ಏನಿಲ್ಲ ಅಕ್ಕ. ಒಂದು ಕೇಳ್ಬೇಕಿತ್ತು. ಭಯ ಇದ್ರೆ ನಮಗೆ ಗೊತ್ತಾಗುತ್ತೆ ಅಲ್ವಾ?”

“ಯಾಕೆ?”

“ನನಗೆ ಭಯ ಇಲ್ಲ ಅಂತಲೇ ಅಂದ್ಕೊಂಡಿದ್ದೆ. ಅಂಗಡಿಯಲ್ಲಿ ಕಳ್ಳನೊಬ್ಬ ನುಗ್ಗಿದಾಗ ಕಾಲರ್ ಹಿಡಿದು ನಿಲ್ಲಿಸಿದ್ದು ನಾನೇ. ಅದಕ್ಕೇ ಇಲ್ಲಿಗೆ ಸೇರಿದ್ದು. ಈಗ ಎಲ್ಲರೂ ಹೇಳಿ ಹೇಳಿ, ಇದೆಯೇನೋ, ನನಗೇ ಗೊತ್ತಿಲ್ಲವೇನೋ ಅನ್ಸುತ್ತೆ.” ಅವಳು ಅಳುವುದಿಲ್ಲ. ಬೇರೆಯವರ ವಿಷಯ ಹೇಳಿದಂತೆ ಹೇಳುತ್ತಾಳೆ. “ಹೋಗ್ಲಿ ಬಿಡಿ. ಊರಲ್ಲಿ ಕೇಳಿದ್ರೆ ಹಾಗೇ ಹೇಳ್ತೀನಿ. ನನಗೆ ಧೈರ್ಯ ಸಾಲಲಿಲ್ಲ ಅಂತ.”

“ಊಟ ಮಾಡಿದ್ಯಾ?”

“ಇಲ್ಲ.”

“ಹೋಗು, ಮೊದಲು ಊಟ ಮಾಡು.”

ಗುಬ್ಬಿ ಮೈದಾನ ದಾಟಿ ಹೋಗುವವರೆಗೂ ತೂಕದಕ್ಕ ಕಿಟಕಿಯಲ್ಲಿ ನಿಂತಿರುತ್ತಾರೆ. ಆಮೇಲೆ ಕೈತೊಳೆಯುತ್ತಾರೆ, ಉಗುರುಸಂದಿನ ಎಣ್ಣೆ ಹೋಗುವವರೆಗೆ, ಎರಡು ಸಲ. ನಮೂನೆಯನ್ನು ಎಳೆದುಕೊಂಡು, ಉಕ್ಕಿನ ಅಳತೆಪಟ್ಟಿ ಇಟ್ಟು, ಎರಡನೆಯ ಚೌಕದ ಕೆಳಗೆ ನಾಲ್ಕು ಗೆರೆ ಎಳೆದು, ಅಷ್ಟೇ ಅಗಲದ ಮೂರನೆಯ ಚೌಕ ಮಾಡುತ್ತಾರೆ. ಗುರುತು ಅದರಲ್ಲಿ ಬೀಳುತ್ತದೆ. ಪಕ್ಕದಲ್ಲಿ ಬರೆಯುವುದು ಮೂರೇ ಸಾಲು. ಆಯುಧ ಸರಿಯಾಗಿದೆ, ವ್ಯಕ್ತಿಯೂ ಸರಿಯಾಗಿದ್ದಾರೆ, ಒಂದಕ್ಕೊಂದು ಅಳತೆ ಕೂಡಿಲ್ಲ. ಮೊದಲ ಎಳೆತದ ತೂಕ ಇಷ್ಟು, ಕೈಯ ಅಳತೆ ಇಷ್ಟು, ನೂರ ಹತ್ತೊಂಬತ್ತು ಕೈಗಳ ಪಟ್ಟಿ ಜೊತೆಗಿದೆ. ಪ್ರತಿ ಗುಂಡಿಗೂ ಸಮಾನ ಎಳೆತದ ಪಿಸ್ತೂಲಿನಲ್ಲಿ ಮರುಪರೀಕ್ಷೆ ಆಗಬೇಕು. ಕೆಳಗೆ, ಯಾರೂ ಕರೆಯದ ಆ ಪೂರ್ತಿ ಹೆಸರು. ನೋಟುಪುಸ್ತಕದ ಹಾಳೆಗಳನ್ನು ಬಿಡಿಸಿ ಒಟ್ಟಿಗೆ ಲಕೋಟೆಯೊಳಗಿಟ್ಟು ಅಂಟು ಹಚ್ಚುತ್ತಾರೆ.

ಅಂಟು ಒಣಗುವ ಮೊದಲೇ ಬಾಗಿಲಲ್ಲಿ ಗುರಿಮೇಷ್ಟ್ರು. “ಆಯ್ತಾ ಅಕ್ಕ?”

“ಆಯ್ತು.”

“ಕೊಡಿ, ಆಫೀಸಿನ ಕಡೆಗೇ ಹೊರಟಿದೀನಿ. ನಾನೇ ಕೊಟ್ಟುಬಿಡ್ತೀನಿ.”

ತೂಕದಕ್ಕ ಲಕೋಟೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. “ಬೇಡ ಮೇಷ್ಟ್ರೇ. ಇದನ್ನ ನಿಮ್ಮ ಕೈಯಲ್ಲಿ ಕಳಿಸಲ್ಲ. ಕೇಳೋದಿದ್ರೆ ನನ್ನನ್ನೇ ಕೇಳಲಿ.”

“ಮೂರು ಮಹಡಿ. ಲಿಫ್ಟ್ ಬೇರೆ ಕೆಟ್ಟಿದೆ. ನಿಮ್ಮ ಮೊಣಕಾಲಿಗೆ ಆಗುತ್ತಾ?”

“ನಿಂತು ನಿಂತು ಹತ್ತುತೀನಿ.”

ಎರಡೂ ಬೀಗ ಹಾಕಿ, ಎಳೆದು ನೋಡಿ, ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಮೇಷ್ಟ್ರು ಅವರ ಮುಖವನ್ನೊಮ್ಮೆ, ಚೀಲವನ್ನೊಮ್ಮೆ ನೋಡುತ್ತಾರೆ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.